ದ್ವೀಪಕ್ಕೆ ಹೋದ ಕಾರ್ಮಿಕನ ಔಷಧೋಪಚಾರ ಯಾರ ಹೊಣೆ?

ನಮ್ಮ ಕಾರ್ಮಿಕ ಬಂಧುಗಳಲ್ಲಿ ಪ್ರವಾಸದ ಹುರುಪು ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಹಿಂದೆ ನಮ್ಮವರು ಮುಂಬಯಿ ಬಿಟ್ಟು ಹೊರಡುತ್ತಿದ್ದುದು ಎರಡೇ ಕಾರಣಕ್ಕೆ: ಒಂದು ಊರಿನ ಮದುವೆ, ಇನ್ನೊಂದು ಊರಿನ ಸಾವು. ಹೋಟೆಲಿನಲ್ಲಿ ಗಲ್ಲಾದ ಮುಂದೆ ನಿಂತು ನಾಲ್ಕು ದಿನದ ರಜೆ ಕೇಳುವುದೇ ದೊಡ್ಡ ಸಾಹಸವಾಗಿತ್ತು. ಗಿರಣಿಯಲ್ಲಿ ಬದಲಿ ಕೆಲಸಗಾರನಿಗೆ ಪಾಳಿ ತಪ್ಪಿದರೆ ಅಂದಿನ ಪಗಾರವೂ ತಪ್ಪುತ್ತಿತ್ತು. ಈಗ ಐದಾರು ಕುಟುಂಬಗಳು ಸೇರಿ, ತಿಂಗಳು ತಿಂಗಳು ವಂತಿಗೆ ಕೂಡಿಸಿ, ವರ್ಷಕ್ಕೊಮ್ಮೆಯಾದರೂ ದೇವರ ದರ್ಶನಕ್ಕೆ, ನದಿ ಸಮುದ್ರಗಳ ನೋಟಕ್ಕೆ ಹೊರಡುತ್ತಿವೆ. ಇದು ವಿಲಾಸವಲ್ಲ. ಬೆಳಗಿನ ಐದಕ್ಕೆ ಒಲೆಯ ಮುಂದೆ ನಿಂತು ರಾತ್ರಿ ಹನ್ನೊಂದಕ್ಕೆ ಮಲಗುವವನಿಗೆ, ವರ್ಷದಲ್ಲಿ ನಾಲ್ಕು ದಿನ ಗಾಳಿ ಬೆಳಕು ಕಾಣುವುದು ಅವನ ಹಕ್ಕು.

ಆದರೆ ಈ ಹಕ್ಕಿನ ಜೊತೆಗೆ ಒಂದು ಪ್ರಶ್ನೆಯೂ ಹೊರಟು ಬರುತ್ತದೆ. ಪ್ರವಾಸ ಹೋದಲ್ಲಿ ಕಾಯಿಲೆಯೋ ಅಪಘಾತವೋ ಆದರೆ ಅವನ ಔಷಧೋಪಚಾರದ ಹೊಣೆ ಯಾರದು? ಅದರಲ್ಲಿಯೂ ನಾಲ್ಕು ಕಡೆ ನೀರಿರುವ ದ್ವೀಪಕ್ಕೆ ಹೋದಾಗ? ಪ್ರವಾಸದ ಪಟ್ಟಿಯಲ್ಲಿ ರೈಲಿನ ಟಿಕೇಟು, ವಸತಿ, ಊಟ, ಕೊನೆಗೆ ಪ್ರಸಾದದ ಖರ್ಚನ್ನೂ ಬರೆಯುವ ನಾವು, ಈ ಒಂದು ಬಾಬತ್ತನ್ನು ಮಾತ್ರ ದೇವರ ಲೆಕ್ಕಕ್ಕೆ ಬರೆದಿಡುತ್ತೇವೆ. ಇಂದು ಇದನ್ನೇ ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಉದಾಹರಣೆಗೆ ನಮ್ಮವರು ಈಚೆಗೆ ಹೆಚ್ಚಾಗಿ ಹೋಗುತ್ತಿರುವ ವಿಜಯವಾಡದ ದಾರಿಯನ್ನೇ ತೆಗೆದುಕೊಳ್ಳೋಣ. ಹಿಂದೆ ಬೆಜವಾಡವೆಂದು ಕರೆಯುತ್ತಿದ್ದ ಈ ಊರಿನ ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆಯ ಗುಡಿಯಿದೆ. ಹೆಚ್ಚಿನವರು ರೈಲಿನಲ್ಲಿ ಹೋಗುತ್ತಾರೆ. ಮಕ್ಕಳು ಓದಿ ಒಳ್ಳೆಯ ಕೆಲಸಕ್ಕೆ ಸೇರಿದ ಕೆಲವರಿಗೆ ವಿಮಾನದ ಯೋಗವೂ ಉಂಟು. ಅವರು ಇಳಿಯುವುದು ಊರಿನಿಂದ ಸುಮಾರು 20 ಕಿಲೋಮೀಟರು ದೂರದ ಗನ್ನವರಂನಲ್ಲಿ. ವಿಶಾಖಪಟ್ಟಣದ ಕಡೆಯಿಂದ ಹೆದ್ದಾರಿಯಲ್ಲಿಯೋ ರೈಲಿನಲ್ಲಿಯೋ ಬರುವವರಿಗೂ ವಿಜಯವಾಡಕ್ಕೆ ಮುಂಚೆ ಸಿಗುವುದು ಈ ಗನ್ನವರಂ. ದೇವಿಯ ದರ್ಶನವಾದ ಮೇಲೆ ಎಲ್ಲರ ಕಾಲೂ ಎಳೆಯುವುದು ಕೆಳಗಿನ ಕೃಷ್ಣಾ ನದಿಗೆ. 1957ರಲ್ಲಿ ಕಟ್ಟಿ ಮುಗಿದ ಪ್ರಕಾಶಂ ಬ್ಯಾರೇಜಿನ ಮೇಲುಗಡೆ, ತುಂಬಿ ನಿಂತ ನೀರಿನ ನಡುವೆ, ಸುಮಾರು 130 ಎಕರೆಯ ಭವಾನಿ ದ್ವೀಪವಿದೆ. ಚೀಟಿ ಕೊಂಡು ದೋಣಿ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ದ್ವೀಪ. ಮಹಾಬಳೇಶ್ವರದಲ್ಲಿ ಹುಟ್ಟಿ, ನಮ್ಮ ಆಲಮಟ್ಟಿ, ನಾರಾಯಣಪುರ, ರಾಯಚೂರಿನ ಸೀಮೆಗಳನ್ನು ದಾಟಿ ಬಂದ ಕೃಷ್ಣೆಯೇ ಇವಳು ಎಂಬ ಸಲಿಗೆಯೂ ನಮ್ಮವರಿಗಿದೆ.

ಈಗ ಹೀಗೆಂದು ಎಣಿಸಿ. ಮೂವತ್ತು ವರ್ಷ ಒಲೆಯ ಮುಂದೆ ಬೆಂದ ಒಬ್ಬ ಅಡಿಗೆ ಭಟ್ಟರು. ಸಕ್ಕರೆ ಕಾಯಿಲೆ ಇದೆ, ರಕ್ತದೊತ್ತಡವೂ ಇದೆ. ಬೆಳಿಗ್ಗೆ ಬೆಟ್ಟ ಹತ್ತಿ ಇಳಿದಿದ್ದಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ದ್ವೀಪದ ಮೇಲೆ ನಡೆಯುವಾಗ ಎದೆ ಹಿಡಿದುಕೊಂಡು ಕುಳಿತುಬಿಟ್ಟರು. ಜೊತೆಗಿರುವವರು ಹೆಂಡತಿ, ಒಬ್ಬ ಮಗ, ಇಬ್ಬರು ಸಪ್ಲಾಯರ್ ಮಿತ್ರರು. ಮೊದಲ ತೊಂದರೆ ದೋಣಿ. ದಡದಲ್ಲಿದ್ದರೆ ಸಿಕ್ಕಿದ ಆಟೋ ಹಿಡಿಯಬಹುದಿತ್ತು. ದ್ವೀಪದಲ್ಲಿ ದೋಣಿ ಬರುವವರೆಗೆ ಕಾಯಬೇಕು. ಗಟ್ಟಿಮುಟ್ಟಾದವನಿಗೆ ಸ್ವಲ್ಪ ಹೊತ್ತಿನ ನೀರು, ಎದೆನೋವಿನವನಿಗೆ ದೊಡ್ಡ ಕಡಲು. ಎರಡನೆಯ ತೊಂದರೆ ಭಾಷೆ. ತೆಲುಗಿನ ಲಿಪಿ ನಮ್ಮ ಲಿಪಿಗೆ ಅಕ್ಕತಂಗಿ. ಬೋರ್ಡಿನ ಮೇಲಿನ ‘ಆಸುಪತ್ರಿ’ಯನ್ನು ನಮ್ಮವರು ತಡವರಿಸಿಯಾದರೂ ಓದಿಯಾರು. ಆದರೆ ನೋವು ಎಡಕ್ಕೋ ಬಲಕ್ಕೋ, ಯಾವ ಗುಳಿಗೆ ನುಂಗುತ್ತಿದ್ದರು ಎಂಬುದನ್ನು ಡಾಕ್ಟರಿಗೆ ಹೇಳಲು ಆ ಓದು ಸಾಲದು. ಮೂರನೆಯದು ಮತ್ತು ಎಲ್ಲಕ್ಕಿಂತ ದೊಡ್ಡದು ಹಣ. ‘ಕಾರ್ಡು ಇದೆಯೇ? ಮುಂಗಡ ಕಟ್ಟುವವರು ಯಾರು?’ ಎಂದು ಕೇಳುವ ಕಿಟಕಿಯ ಮುಂದೆ, ಪ್ರವಾಸಕ್ಕೆಂದು ತಂದ ಅಷ್ಟಿಷ್ಟು ಹಣ ಎಷ್ಟು ಹೊತ್ತು ನಿಂತೀತು?

ಒಂದು ಮಾತು ಸ್ಪಷ್ಟವಾಗಿರಲಿ. ಆ ಸೀಮೆಯಲ್ಲಿ ಆಸ್ಪತ್ರೆಗಳಿಗೆ ಬರಗಾಲವಿಲ್ಲ. ಗನ್ನವರಂ ಬಳಿಯ ಚಿನ್ನ ಅವುಟಪಲ್ಲಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ವಿಜಯವಾಡದಲ್ಲಿ ಸರಕಾರಿ ದೊಡ್ಡಾಸ್ಪತ್ರೆ ಇದೆ, ಗುಣದಲದಲ್ಲಿ ಇ.ಎಸ್.ಐ. ಆಸ್ಪತ್ರೆ ಇದೆ, ನದಿಯಾಚೆ ಮಂಗಳಗಿರಿಯಲ್ಲಿ ಕೇಂದ್ರ ಸರಕಾರದ ಏಮ್ಸ್ ಇದೆ. ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ 1986ರಿಂದ ಆ ಊರಿನಲ್ಲಿದೆ. ಇಂದು ದೇಶದ ಹಲವು ರಾಜ್ಯಗಳಲ್ಲಿ ಓಡುವ 108ರ ಆಂಬುಲೆನ್ಸು ಮೊದಲು ಹೊರಟದ್ದು 2005ರ ಆಗಸ್ಟ್ 15ರಂದು, ಆಗಿನ ಅವಿಭಜಿತ ಆಂಧ್ರಪ್ರದೇಶದಲ್ಲಿಯೇ. ಕೊರತೆಯಿರುವುದು ಆಸ್ಪತ್ರೆಯದಲ್ಲ, ದ್ವೀಪದಿಂದ ಆಸ್ಪತ್ರೆಯ ಬಾಗಿಲಿನವರೆಗೆ ಮುಟ್ಟಿಸುವ ಹೊಣೆಯದು, ಬಾಗಿಲು ದಾಟಿದ ಮೇಲೆ ಹಣ ಕೊಡುವ ಹೊಣೆಯದು. ಈ ಹೊಣೆಯನ್ನು ಈಗ ಯಾರೂ ಹೊತ್ತಿಲ್ಲ. ಆದುದರಿಂದ ಅದು ರೋಗಿಯ ಹೆಂಡತಿಯ ಕೊರಳಿನ ಸರದ ಮೇಲೆ ಬಂದು ಬೀಳುತ್ತದೆ.

‘ಇದೆಲ್ಲ ಎಲ್ಲೋ ಒಂದು ಕಡೆ ನಡೆಯುವ ಮಾತು’ ಎನ್ನುವವರುಂಟು. ನಡೆದುಹೋದ ಮೂರು ಸಂಗತಿಗಳನ್ನು ಅವರ ಮುಂದಿಡುತ್ತೇವೆ.

2017ರ ನವೆಂಬರ್ 12, ಕಾರ್ತಿಕದ ಭಾನುವಾರ. ಇದೇ ಭವಾನಿ ದ್ವೀಪದ ಕಡೆಯಿಂದ ಕೃಷ್ಣಾ ಗೋದಾವರಿ ನೀರು ಸೇರುವ ಪವಿತ್ರ ಸಂಗಮಕ್ಕೆ ಪ್ರವಾಸಿಗಳನ್ನು ಕರೆದೊಯ್ಯುತ್ತಿದ್ದ ಖಾಸಗಿ ದೋಣಿ ಮಗುಚಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಒಂಗೋಲಿನಿಂದ ಒಟ್ಟಾಗಿ ಬಂದವರು. ನಮ್ಮವರ ಹಾಗೆಯೇ ಗುಂಪು ಕಟ್ಟಿಕೊಂಡು ಬಂದವರು. ಆ ದೋಣಿಗೆ ಪರವಾನಗಿ ಇರಲಿಲ್ಲವೆಂಬುದು ಜನ ಸತ್ತ ಮೇಲೆ ಹೊರಬಿತ್ತು.

2019ರ ಜನವರಿ 21. ನಮ್ಮ ಕಾರವಾರದ ಸಮುದ್ರದಲ್ಲಿರುವ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ವರ್ಷಕ್ಕೊಮ್ಮೆ ನಡೆಯುವ ಆ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮುಳುಗಿ 16 ಜನ ಸತ್ತರು. ಘಟ್ಟದ ಮೇಲಿನ ಹಾವೇರಿ ಸೀಮೆಯಿಂದ ಸಮುದ್ರ ನೋಡಲೆಂದು, ದೇವರಿಗೆ ಕೈಮುಗಿಯಲೆಂದು ಬಂದವರು ಅವರಲ್ಲಿದ್ದರು.

2024ರ ಡಿಸೆಂಬರ್ 18. ಇದು ನಮ್ಮ ಮುಂಬಯಿಯದೇ ಮಾತು. ಗೇಟ್‌ವೇಯಿಂದ ಘಾರಾಪುರಿಗೆ, ಅಂದರೆ ಎಲಿಫೆಂಟಾ ದ್ವೀಪಕ್ಕೆ, ನೂರಕ್ಕೂ ಹೆಚ್ಚು ಜನರನ್ನು ಹೊತ್ತು ಹೋಗುತ್ತಿದ್ದ ನೀಲಕಮಲ ಎಂಬ ದೋಣಿಗೆ ನೌಕಾದಳದ ವೇಗದ ದೋಣಿ ಬಂದು ಬಡಿಯಿತು. 15 ಜನ ಸತ್ತರು. ಊರಿನಿಂದ ನೆಂಟರು ಬಂದರೆ ನಾವು ಮೊದಲು ಕರೆದೊಯ್ಯುವ ಜಾಗವೇ ಅದು.

ಈ ಮೂರರಲ್ಲಿಯೂ ನಡೆದ ಒಂದು ಕ್ರಮವನ್ನು ಗಮನಿಸಬೇಕು. ಅಪಘಾತವಾಗುತ್ತದೆ, ಮಂತ್ರಿಗಳು ಸಂತಾಪ ಸೂಚಿಸುತ್ತಾರೆ, ಸತ್ತವರ ಕುಟುಂಬಕ್ಕೆ ಇಷ್ಟು ಲಕ್ಷವೆಂದು ಸಾರುತ್ತಾರೆ, ಕೆಲವು ದಿನ ದೋಣಿಗಳನ್ನು ನಿಲ್ಲಿಸುತ್ತಾರೆ, ಮತ್ತೆ ಬಿಡುತ್ತಾರೆ. ಪರಿಹಾರ ಕೊಡುವುದು ತಪ್ಪೆಂದು ನಾವು ಹೇಳುವುದಿಲ್ಲ, ಕೊಡಲೇಬೇಕು. ಆದರೆ ಅದು ದಯೆಯ ಲೆಕ್ಕದಲ್ಲಿ ಬರುವ ಹಣ, ಹಕ್ಕಿನ ಲೆಕ್ಕದಲ್ಲಿ ಬರುವುದಲ್ಲ. ಹತ್ತಾರು ಜನ ಒಮ್ಮೆಗೇ ಸತ್ತರೆ ಸಾರಲ್ಪಡುವ ಹಣ, ಒಬ್ಬನೇ ಒಬ್ಬ ದೋಣಿಯ ಹಲಗೆಯ ಮೇಲೆ ಜಾರಿ ಸೊಂಟ ಮುರಿದುಕೊಂಡರೆ ಬರುವುದಿಲ್ಲ. ಬಿಸಿಲಿಗೆ ತಲೆ ತಿರುಗಿ ಬಿದ್ದವಳಿಗೆ, ಹಾವು ಕಚ್ಚಿದ ಹುಡುಗನಿಗೆ, ಎದೆನೋವಿನ ಭಟ್ಟರಿಗೆ ಬರುವುದಿಲ್ಲ. ನಮ್ಮ ವ್ಯವಸ್ಥೆಯಲ್ಲಿ ಸತ್ತವನಿಗೆ ಪರಿಹಾರವುಂಟು, ಬದುಕಬಹುದಾದವನಿಗೆ ಔಷಧೋಪಚಾರದ ಭರವಸೆಯಿಲ್ಲ. ನಮ್ಮ ದೂರು ಇಷ್ಟೇ.

ಹಾಗಾದರೆ ಕಾರ್ಮಿಕನ ಕೈಯಲ್ಲಿ ಏನೂ ಇಲ್ಲವೇ? ಇದೆ, ಆದರೆ ಯಾವುದು ಎಲ್ಲಿಯವರೆಗೆ ಬರುತ್ತದೆಂಬುದನ್ನು ತಿಳಿದಿರಬೇಕು.

ಮೊದಲನೆಯದು ನಮ್ಮದೇ ಆದ ಇ.ಎಸ್.ಐ. 1948ರ ಕಾನೂನಿನಿಂದ ಹುಟ್ಟಿ, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದಿಲ್ಲಿಗಳಲ್ಲಿ ಆರಂಭವಾದ ಯೋಜನೆ ಇದು. 2019ರ ಜುಲೈಯಿಂದ ಕಾರ್ಮಿಕನ ಪಗಾರದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ, ಧಣಿಯ ಕಡೆಯಿಂದ ಮೂರೂಕಾಲು ರೂಪಾಯಿ ಎಂಬ ದರ ಜಾರಿಗೆ ಬಂತು. ಹತ್ತು ಜನ ದುಡಿಯುವ ಹೋಟೆಲೂ ಇದರೊಳಗೆ ಬರಬೇಕು. ರಜೆಯ ಮೇಲೆ ಬೇರೆ ಊರಿಗೆ ಹೋದವನಿಗೂ ಅಲ್ಲಿನ ಇ.ಎಸ್.ಐ. ದವಾಖಾನೆ ತನ್ನದೇ, ಕಾರ್ಡು ಜೊತೆಗಿದ್ದರೆ ಗುಣದಲದ ಆಸ್ಪತ್ರೆಯ ಬಾಗಿಲು ಮುಂಬಯಿಯ ಕಾರ್ಮಿಕನಿಗೂ ತೆರೆದಿದೆ. ತುರ್ತಿನಲ್ಲಿ ಬೇರೆ ಆಸ್ಪತ್ರೆಗೆ ಸೇರಿದರೆ, ನಿಗದಿಯಾದ ದರದ ಮೇರೆಗೆ ಆಮೇಲೆ ಹಣ ಕೇಳಬಹುದು. ಅದಕ್ಕೆ ಬಿಲ್ಲು, ಡಾಕ್ಟರ ಚೀಟಿ, ತುರ್ತೆಂದು ಬರೆದ ಪತ್ರ ಎಲ್ಲವನ್ನೂ ಜೋಪಾನ ಮಾಡಬೇಕು. ಆದರೆ ಕೊರತೆಯನ್ನೂ ನೋಡಿ. 2017ರ ಜನವರಿಯಿಂದ ಬಂದ 21,000 ರೂಪಾಯಿಯ ಮಿತಿಯನ್ನು ಪಗಾರ ದಾಟಿದವನು ಹೊರಗುಳಿದ. ಕೆಲಸದ ಮೇಲೆ ಆದ ಅಪಘಾತಕ್ಕೆ ಇರುವ ಕುಟುಂಬ ಪಿಂಚಣಿ, ರಜೆಯಲ್ಲಿ ದೋಣಿ ಮುಳುಗಿ ಸತ್ತವನ ಹೆಂಡತಿಗೆ ಇಲ್ಲ. ಎಲ್ಲಕ್ಕಿಂತ ಮೇಲಾಗಿ, ಧಣಿ ಹೆಸರನ್ನೇ ಬರೆಸದಿದ್ದರೆ ಈ ಯಾವುದೂ ಇಲ್ಲ. ಹನ್ನೆರಡು ಜನ ದುಡಿಯುವ ಹೋಟೆಲಿನ ಪುಸ್ತಕದಲ್ಲಿ ಎಂಟೇ ಹೆಸರಿದ್ದರೆ, ಉಳಿದ ನಾಲ್ವರು ಎಲ್ಲಿಗೆ ಹೋದರೂ ಬರಿಗೈಯವರೇ.

ಗಿರಣಿಯ ಹಳೆಯ ಬಂಧುಗಳಿಗೆ ಇಲ್ಲೊಂದು ಮಾತು. 1982ರ ಜನವರಿ 18ರ ಮುಷ್ಕರದ ತರುವಾಯ ಒಂದೊಂದಾಗಿ ಚಿಮಣಿಗಳು ಆರಿದವು. ಚಿಮಣಿಯ ಜೊತೆಗೆ ಇ.ಎಸ್.ಐ. ಕಾರ್ಡೂ ಸತ್ತಿತೆಂದು ಹಲವರು ತಿಳಿದರು. ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ವಿಮೆಯಲ್ಲಿದ್ದು, ವಯಸ್ಸು ತುಂಬಿ ಅಥವಾ ಸ್ವಯಂ ನಿವೃತ್ತಿಯಿಂದ ಹೊರಬಂದವನು ವರ್ಷಕ್ಕೆ 120 ರೂಪಾಯಿ ಕಟ್ಟಿ ತನಗೂ ಹೆಂಡತಿಗೂ ಔಷಧೋಪಚಾರ ಪಡೆಯುವ ಸವಲತ್ತನ್ನು ಈ ಯೋಜನೆ ಕೊಟ್ಟಿದೆ. ಹಳೆಯ ಕಾಗದಗಳನ್ನು ಪೆಟ್ಟಿಗೆಯಿಂದ ಹೊರತೆಗೆದು ವಿಚಾರಿಸಿರಿ.

ಎರಡನೆಯದು 2018ರ ಸೆಪ್ಟೆಂಬರ್ 23ರಂದು ಆರಂಭವಾದ ಆಯುಷ್ಮಾನ್ ಭಾರತ. ಪಟ್ಟಿಯಲ್ಲಿ ಹೆಸರಿರುವ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗಿನ ಆಸ್ಪತ್ರೆಯ ಖರ್ಚನ್ನು ಇದು ಹೊರುತ್ತದೆ. ರಾಜ್ಯದ ಗಡಿ ದಾಟಿದರೂ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ನಡೆಯುತ್ತದೆ. 2024ರ ಅಕ್ಟೋಬರಿನಿಂದ ಎಪ್ಪತ್ತು ತುಂಬಿದವರಿಗೆ ಆದಾಯ ನೋಡದೆ ಕಾರ್ಡು ಕೊಡುವ ಏರ್ಪಾಡೂ ಬಂದಿದೆ. ಒಳ್ಳೆಯದೇ. ಆದರೆ ಹೊರರೋಗಿಯ ಚೀಟಿಗೆ, ಗುಳಿಗೆಗೆ ಇದು ಬರುವುದಿಲ್ಲ; ಸೇರಿಸಿಕೊಂಡ ರೋಗಿಗೆ ಮಾತ್ರ. ರಾಜ್ಯ ಸರಕಾರಗಳು ತಾವೇ ನಡೆಸುವ ಯೋಜನೆಗಳಾದರೋ ಸಾಮಾನ್ಯವಾಗಿ ಆ ರಾಜ್ಯದ ಗಡಿಯಲ್ಲೇ ನಿಲ್ಲುತ್ತವೆ. ಆಂಧ್ರದ ಎನ್.ಟಿ.ಆರ್. ವೈದ್ಯ ಸೇವೆ ಆಂಧ್ರದವರಿಗೆ. ಊರಿನಲ್ಲಿ ಪಡಿತರ ಚೀಟಿ, ಮುಂಬಯಿಯಲ್ಲಿ ಕೆಲಸ, ಆಂಧ್ರದಲ್ಲಿ ಪ್ರವಾಸ ಎಂದಾದರೆ, ನಮ್ಮವನು ಮೂರು ರಾಜ್ಯಗಳ ನಡುವೆ ತಾನೇ ಒಂದು ದ್ವೀಪವಾಗಿಬಿಡುತ್ತಾನೆ.

ಮೂರನೆಯದು ಬ್ಯಾಂಕಿನ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ. ಅಪಘಾತದಿಂದ ಸತ್ತರೆ ಎರಡು ಲಕ್ಷ. ಒಂದು ಕಪ್ ಚಹಾದ ಬೆಲೆಗೆ ಇದು ಸಿಗುವಾಗ ಬೇಡವೆನ್ನುವುದು ಅವಿವೇಕ, ಎಲ್ಲರೂ ಮಾಡಿಸಲೇಬೇಕು. ಆದರೆ ಇದೂ ಸಾವಿಗೆ, ಅಂಗಹೀನತೆಗೆ ಮಾತ್ರ. ಆಸ್ಪತ್ರೆಯ ಬಿಲ್ಲಿಗೆ ಇದರಲ್ಲಿ ಒಂದು ಕಾಸೂ ಇಲ್ಲ.

ಇವೆಲ್ಲಕ್ಕಿಂತ ನಮ್ಮ ವಾದಕ್ಕೆ ಹತ್ತಿರವಾದದ್ದು ರೈಲಿನ ವಿಮೆ. 2016ರಿಂದ ಮನೆಯಲ್ಲೇ ಕುಳಿತು ಇ-ಟಿಕೇಟು ತೆಗೆಯುವವರಿಗೆ, ಅರ್ಧ ರೂಪಾಯಿಗೂ ಕಡಿಮೆ ಕಂತಿನಲ್ಲಿ, ರೈಲಿನ ಅಪಘಾತದಲ್ಲಿ ಸಾವಾದರೆ ಹತ್ತು ಲಕ್ಷ, ಗಾಯವಾಗಿ ಆಸ್ಪತ್ರೆ ಸೇರಿದರೆ ಎರಡು ಲಕ್ಷದವರೆಗೆ ಎಂಬ ಏರ್ಪಾಡಿದೆ. ಕಂತನ್ನು ಟಿಕೇಟಿನ ಜೊತೆಗೇ ಕೂಡಿಸಿದ್ದರಿಂದಲ್ಲವೇ ಇದು ಇಷ್ಟು ಅಗ್ಗವಾದದ್ದು? ಒಬ್ಬೊಬ್ಬನೂ ಏಜೆಂಟನ ಮನೆಗೆ ಹೋಗಿ ಪಾಲಿಸಿ ಬರೆಸಬೇಕಾಗಿದ್ದರೆ ಆಗುತ್ತಿತ್ತೇ? ಆದರೆ ಇಲ್ಲಿಯೂ ಬಡವನ ಪಾಲು ನೋಡಿ: ಕಿಟಕಿಯ ಮುಂದೆ ಸಾಲು ನಿಂತು ಜನರಲ್ ಡಬ್ಬಿಯ ಟಿಕೇಟು ಕೊಂಡವನಿಗೆ ಆ ವಿಮೆ ಇಲ್ಲ. ಹೆಚ್ಚು ನೂಕುನುಗ್ಗಲಿನಲ್ಲಿ, ಬಾಗಿಲಿಗೆ ಜೋತುಬಿದ್ದು ಹೋಗುವವನಿಗೇ ರಕ್ಷಣೆ ಕಡಿಮೆ.

ರಸ್ತೆಯ ಮಟ್ಟಿಗೆ ಸರಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2025ರ ಮೇ 5ರಂದು ಹೊರಟ ಆಜ್ಞೆಯಂತೆ, ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡ ಯಾರೇ ಆಗಲಿ, ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿಯವರೆಗೆ ಕೈಯಿಂದ ಹಣ ಕೊಡದೆ ಚಿಕಿತ್ಸೆ ಪಡೆಯಬಹುದು. ಗಾಯಾಳು ಯಾವ ರಾಜ್ಯದವನು, ಅವನ ಪಗಾರವೆಷ್ಟು ಎಂಬ ಪ್ರಶ್ನೆ ಇಲ್ಲಿಲ್ಲ. ಇದು ಸರಿಯಾದ ಕ್ರಮ. ನಮ್ಮ ಪ್ರಶ್ನೆ ಸರಳವಾದದ್ದು. ಗನ್ನವರಂನ ಹೆದ್ದಾರಿಯಲ್ಲಿ ಬಸ್ಸು ಉರುಳಿ ಕಾಲು ಮುರಿದವನಿಗೆ ಇರುವ ಹಕ್ಕು, ಅದೇ ದಿನ ಭವಾನಿ ದ್ವೀಪದ ದೋಣಿಯಲ್ಲಿ ಕಾಲು ಮುರಿದವನಿಗೆ ಏಕೆ ಇರಬಾರದು? ಮೂಳೆಗೆ ರಸ್ತೆಯೆಂದೂ ನೀರೆಂದೂ ಭೇದವುಂಟೇ?

ಕಾಯಿದೆ ಇಲ್ಲವೆಂದಲ್ಲ. ಯಂತ್ರದಿಂದ ನಡೆಯುವ ದೋಣಿಗೆ ನೋಂದಣಿ, ಪರೀಕ್ಷೆಯ ಪತ್ರ, ವಿಮೆ ಇವೆಲ್ಲ ಇರಬೇಕೆಂದು 2021ರ ಒಳನಾಡು ಹಡಗುಗಳ ಕಾಯಿದೆ ಹೇಳುತ್ತದೆ. ಆದರೆ ಆ ವಿಮೆ ದೋಣಿಯ ಮಾಲೀಕನ ಹೊಣೆಗಾರಿಕೆಯದು. ತಪ್ಪು ಯಾರದೆಂದು ಗೊತ್ತಾಗಿ, ದಾವೆ ನಡೆದು, ತೀರ್ಪು ಬಂದ ಮೇಲೆ ಕೈಗೆ ಬರುವ ಹಣ ಅಂದಿನ ರಾತ್ರಿಯ ಶಸ್ತ್ರಚಿಕಿತ್ಸೆಗೆ ಒದಗೀತೇ? ಪರವಾನಗಿಯೇ ಇಲ್ಲದೆ ಓಡಿದ ದೋಣಿಯ ವಿಮೆಯನ್ನು ಯಾರ ಬಳಿ ಹೋಗಿ ಕೇಳುವುದು?

ತುರ್ತಿನಲ್ಲಿ ರೋಗಿಯನ್ನು ಹಿಂದಕ್ಕೆ ಕಳುಹಿಸಬಾರದೆಂಬುದು ಈ ದೇಶದ ಪರಮೋಚ್ಚ ನ್ಯಾಯಾಲಯದ ಮಾತು. ಇದನ್ನು ನಮ್ಮವರು ತಿಳಿದಿರಬೇಕು. ಸರಕಾರಿಯಾಗಲಿ ಖಾಸಗಿಯಾಗಲಿ, ಡಾಕ್ಟರು ಮೊದಲು ಜೀವ ಉಳಿಸಬೇಕು, ಪೋಲೀಸು ಕಾಗದ ಆಮೇಲೆ ಎಂದು 1989ರಲ್ಲಿ ಅದು ಹೇಳಿತು. 1996ರ ತೀರ್ಪಂತೂ ನಮ್ಮಂಥ ಕಾರ್ಮಿಕರ ಸಂಘವೊಂದು ಗಳಿಸಿಕೊಟ್ಟದ್ದು. 1992ರಲ್ಲಿ ಬಂಗಾಳದ ಒಬ್ಬ ಕೃಷಿ ಕೂಲಿಯಾಳು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಜಾಗವಿಲ್ಲ, ಸಲಕರಣೆಯಿಲ್ಲ ಎಂದು ಒಂದಾದ ಮೇಲೊಂದು ಸರಕಾರಿ ಆಸ್ಪತ್ರೆಗಳು ಅವನನ್ನು ಕಳುಹಿಸಿಬಿಟ್ಟವು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ತೆತ್ತು ಬದುಕಿದ. ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಅವನ ಪರವಾಗಿ ನ್ಯಾಯಾಲಯಕ್ಕೆ ಹೋಯಿತು. ಸಮಯಕ್ಕೆ ಸರಿಯಾಗಿ ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿಗೇ ಭಂಗವೆಂದು ನ್ಯಾಯಾಲಯ ತೀರ್ಮಾನಿಸಿ, 25,000 ರೂಪಾಯಿ ಪರಿಹಾರ ಕೊಡಿಸಿತು. ಪ್ರಯಾಣದಲ್ಲಿ ಬಿದ್ದ ಒಬ್ಬ ಬಡವನಿಗಾಗಿ ಅವನ ಸಂಘ ಮಾಡಿದ ಕೆಲಸ ಇದು. ಸಂಘವೆಂದರೆ ವಾರ್ಷಿಕೋತ್ಸವದ ನಾಟಕಕ್ಕೆ ಮಾತ್ರವೆಂದು ತಿಳಿದವರು ಇದನ್ನು ಮತ್ತೊಮ್ಮೆ ಓದಬೇಕು.

ಇನ್ನು ಹೊರದೇಶದ ಒಂದು ಮಾತು. ಕ್ಯೂಬಾ ಒಂದು ದ್ವೀಪ. ಅಲ್ಲಿಗೆ ಬರುವ ಪ್ರವಾಸಿಗಳೆಲ್ಲರಿಗೂ ವೈದ್ಯಕೀಯ ವಿಮೆ ಇರಲೇಬೇಕೆಂದು 2010ರ ಮೇ 1ರಿಂದ ಆ ಸರಕಾರ ನಿಯಮ ಮಾಡಿತು. ಇಲ್ಲದೆ ಬಂದವನು ಅಲ್ಲಿ ಇಳಿದಾಗಲಾದರೂ ಕೊಳ್ಳಬೇಕು. ನಿಯಮದ ಹಿಂದಿರುವ ತಿಳಿವಳಿಕೆ ನಮಗೆ ಬೇಕಾದದ್ದು. ದ್ವೀಪಕ್ಕೆ ಬಂದವನಿಗೆ ಕಾಯಿಲೆಯಾದರೆ ಬೇರೆಡೆಗೆ ಓಡಲು ದಾರಿಯಿಲ್ಲ. ಆದುದರಿಂದ ಖರ್ಚಿನ ಏರ್ಪಾಡು ಮೊದಲೇ ಆಗಿರಬೇಕು. ನಮ್ಮ ಲಕ್ಷದ್ವೀಪದಲ್ಲಿ ಗಂಡಾಂತರದಲ್ಲಿರುವ ರೋಗಿಯನ್ನು ಹೆಲಿಕಾಪ್ಟರಿನಲ್ಲಿ ಕೊಚ್ಚಿಗೆ ಸಾಗಿಸುವುದುಂಟು. ಭವಾನಿ ದ್ವೀಪಕ್ಕೆ ಹೆಲಿಕಾಪ್ಟರು ಬೇಡ; ಸದಾ ಸಿದ್ಧವಾಗಿ ನಿಂತ ಒಂದು ದೋಣಿ, ಆ ದೋಣಿಗೆ ಕಾದು ನಿಂತ ಒಂದು ಆಂಬುಲೆನ್ಸು ಸಾಕು.

ಆದುದರಿಂದ ನಮ್ಮ ಬೇಡಿಕೆ ಹೀಗಿದೆ. ದ್ವೀಪಕ್ಕೆ ಹೋಗುವ ಪ್ರತಿಯೊಂದು ದೋಣಿಯ ಚೀಟಿಯಲ್ಲಿಯೂ ಪ್ರಯಾಣಿಕನ ಔಷಧೋಪಚಾರದ ವಿಮೆ ಸೇರಿರಬೇಕು. ರಸ್ತೆಯ ಗಾಯಾಳುವಿಗೆ ಇರುವಂತೆ, ಮೊದಲ ಏಳು ದಿನದ ಚಿಕಿತ್ಸೆ ಕೈಯಿಂದ ಹಣ ಕೊಡದೆ ನಡೆಯಬೇಕು. ಅಪಘಾತಕ್ಕೆ ಮಾತ್ರವಲ್ಲದೆ, ದ್ವೀಪದ ಮೇಲಿರುವಾಗ ತಟ್ಟಿದ ಹಠಾತ್ ಕಾಯಿಲೆಗೂ ಅದು ಒದಗಬೇಕು. ಚೀಟಿಯ ಬೆನ್ನಿನ ಮೇಲೆ ಯಾವ ಆಸ್ಪತ್ರೆಗೆ ಹೋಗಬೇಕು, ಯಾವ ನಂಬರಿಗೆ ಫೋನು ಮಾಡಬೇಕು ಎಂಬುದನ್ನು ತೆಲುಗಿನ ಜೊತೆಗೆ ನೆರೆಯ ಭಾಷೆಗಳಲ್ಲಿಯೂ ಅಚ್ಚು ಹಾಕಬೇಕು. ಆಂಧ್ರಕ್ಕೆ ಮಾತ್ರ ನಾವು ಇದನ್ನು ಹೇಳುತ್ತಿಲ್ಲ. ಕರ್ನಾಟಕ ಸರಕಾರ ಕೂರ್ಮಗಡದ ಜಾತ್ರೆಗೂ, ರಾಯಚೂರು ಜಿಲ್ಲೆಯ ಕುರುವಪುರದ ನಡುಗಡ್ಡೆಗೂ ಇದನ್ನು ಮಾಡಲಿ. ಮಹಾರಾಷ್ಟ್ರ ಸರಕಾರ ಘಾರಾಪುರಿಗೆ ಮಾಡಲಿ.

‘ಚೀಟಿಯ ಬೆಲೆ ಏರುತ್ತದೆ, ಬಡವನಿಗೆ ಹೊರೆ’ ಎಂಬ ಆಕ್ಷೇಪ ಬಂದೇ ಬರುತ್ತದೆ. ರೈಲಿನಲ್ಲಿ ಅರ್ಧ ರೂಪಾಯಿಯೊಳಗೆ ಆದದ್ದು ದೋಣಿಯಲ್ಲಿ ಒಂದು ರೂಪಾಯಿಗೋ ಎರಡು ರೂಪಾಯಿಗೋ ಆಗಲಿ. ದ್ವೀಪದಲ್ಲಿ ಕೊಳ್ಳುವ ಒಂದು ಸೋಡಾದ ಬೆಲೆಗೂ ಅದು ಬಾರದು. ‘ಬೇಕಾದವರು ತಾವೇ ಪಾಲಿಸಿ ಮಾಡಿಸಿಕೊಳ್ಳಲಿ’ ಎನ್ನುವವರಿಗೆ ನಮ್ಮ ಉತ್ತರ ಇದು: ಮಾಡಿಸಿಕೊಳ್ಳಬಲ್ಲವನು ಮಾಡಿಸಿಕೊಂಡೇ ಇದ್ದಾನೆ. ಖಾಸಗಿ ಆರೋಗ್ಯ ವಿಮೆಯ ಮೇಲಿನ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದಿದ್ದಾರೆ. ಆದರೂ ಕ್ಲೀನರ್ ಹುಡುಗನ ಪಗಾರಕ್ಕೆ ಅದರ ಕಂತು ಎಟುಕುವಂಥದ್ದಲ್ಲ. ಎಲ್ಲರ ಒಂದೊಂದು ರೂಪಾಯಿ ಸೇರಿದಾಗ ಒಬ್ಬನ ಕಷ್ಟಕ್ಕೆ ಲಕ್ಷ ರೂಪಾಯಿ ಹುಟ್ಟುತ್ತದೆ. ಸಹಕಾರವೆಂದರೆ ಇದೇ, ನಮ್ಮ ಸಂಘವೂ ಹುಟ್ಟಿದ್ದು ಇದೇ ತತ್ವದ ಮೇಲೆ.

ಸರಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಸಂಘದ ಹೆಸರಿನಲ್ಲಿ ಹೊರಡುವ ಪ್ರತಿಯೊಂದು ಪ್ರವಾಸಕ್ಕೂ ಕಾರ್ಯಕಾರಿ ಸಮಿತಿ ಕೆಲವು ನಿಯಮಗಳನ್ನು ಮಾಡಬೇಕೆಂದು ಸೂಚಿಸುತ್ತೇವೆ. ಹೊರಡುವ ಮುಂಚೆ ಪ್ರತಿಯೊಬ್ಬರ ಇ.ಎಸ್.ಐ. ಕಾರ್ಡು, ಆಯುಷ್ಮಾನ್ ಕಾರ್ಡುಗಳನ್ನು ನೋಡಿ ಪಟ್ಟಿ ಮಾಡಬೇಕು. ಇಪ್ಪತ್ತು ರೂಪಾಯಿಯ ವಿಮೆ ಇಲ್ಲದವನಿಗೆ ಅಂದೇ ಬ್ಯಾಂಕಿನಲ್ಲಿ ಮಾಡಿಸಬೇಕು. ಯಾರಿಗೆ ಯಾವ ಕಾಯಿಲೆ, ಯಾವ ಗುಳಿಗೆ, ಯಾವ ರಕ್ತದ ಗುಂಪು ಎಂಬ ಚೀಟಿ ಮುಖಂಡನ ಜೇಬಿನಲ್ಲಿರಬೇಕು. ಪ್ರವಾಸದ ವಂತಿಗೆಯಲ್ಲಿ ಒಂದು ಪಾಲನ್ನು ಆಪತ್ತಿಗೆಂದು ಮುಟ್ಟದೆ ಇಟ್ಟಿರಬೇಕು. ಖರ್ಚಾಗದಿದ್ದರೆ ಹಿಂತಿರುಗಿ ಬಂದ ಮೇಲೆ ಹಂಚಿಕೊಳ್ಳಬಹುದು. ಜೀವರಕ್ಷಕ ಜಾಕೀಟು ಕೊಡದ ದೋಣಿಯನ್ನು, ಜನ ತುಂಬಿ ತುಳುಕುವ ದೋಣಿಯನ್ನು ನಮ್ಮವರು ಹತ್ತಬಾರದು. ಕೊಟ್ಟ ಹಣ ಹೋದರೂ ಸರಿ, ದಡದಲ್ಲಿ ನಿಲ್ಲಬೇಕು. ಆಸ್ಪತ್ರೆಗೆ ಹೋದಾಗ ಮೊದಲು ‘ಆರೋಗ್ಯ ಮಿತ್ರ’ರ ಮೇಜನ್ನು ಹುಡುಕಬೇಕು, ಆಂಬುಲೆನ್ಸಿಗೆ 108, ಆಯುಷ್ಮಾನ್ ವಿಚಾರಕ್ಕೆ 14555 ಎಂಬ ನಂಬರುಗಳನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಬೇಕು.

ಧಣಿಗಳಿಗೂ ಒಂದು ಮಾತು. ನಿಮ್ಮ ಹೋಟೆಲಿನ ಭಟ್ಟರು ರಜೆಯ ಮೇಲೆ ಹೋದಲ್ಲಿ ಬಿದ್ದರೆ, ಅವರು ಬಿದ್ದದ್ದು ನಿಮ್ಮ ಒಲೆಯ ಮುಂದೆ ಮೂವತ್ತು ವರ್ಷ ನಿಂತ ಕಾಲಿನಿಂದಲೇ. ದುಡಿಯುವ ಎಲ್ಲರ ಹೆಸರನ್ನೂ ಇ.ಎಸ್.ಐ. ಪುಸ್ತಕದಲ್ಲಿ ಬರೆಸಿರಿ. ಇದು ಉಪಕಾರವಲ್ಲ, ಕಾಯಿದೆ.

ಇದಕ್ಕೆಲ್ಲ ಒಂದು ಗಡುವೂ ಇದೆ. ಕೃಷ್ಣಾ ಪುಷ್ಕರ ಹನ್ನೆರಡು ವರ್ಷಕ್ಕೊಮ್ಮೆ ಬರುವುದು. ಹಿಂದಿನದು 2016ರ ಆಗಸ್ಟಿನಲ್ಲಿ ನಡೆಯಿತು, ಮುಂದಿನದು 2028ರಲ್ಲಿ. ಆಗ ವಿಜಯವಾಡದ ಘಟ್ಟಗಳಿಗೆ ಜನಸಾಗರವೇ ಹರಿದು ಬರುತ್ತದೆ. ನಮ್ಮ ರಾಯಚೂರು, ಬಾಗಲಕೋಟೆಗಳ ಕಡೆಯವರೂ, ಮುಂಬಯಿಯಲ್ಲಿರುವ ಅವರ ಬಂಧುಗಳೂ ನೀರಿಗಿಳಿಯುತ್ತಾರೆ. ಅಷ್ಟರೊಳಗೆ ದೋಣಿಯ ಚೀಟಿಗೆ ವಿಮೆ ಸೇರಬೇಕು. ಮೂರೂ ಸರಕಾರಗಳಿಗೆ ಕಳುಹಿಸಲು ಸಂಘವು ಒಂದು ಮನವಿಯನ್ನು ಸಿದ್ಧಪಡಿಸಲಿ. ಪ್ರತಿಯೊಂದು ಹೋಟೆಲಿನಿಂದ, ಪ್ರತಿಯೊಂದು ಹಳೆಯ ಚಾಳಿನಿಂದ ಸಹಿಗಳು ಬರಲಿ. ಮುಂದಿನ ಪ್ರವಾಸದ ಲೆಕ್ಕ ಬರೆಯುವ ಬಂಧುಗಳು ಟಿಕೇಟು, ಊಟ, ವಸತಿ ಎಂಬ ಸಾಲುಗಳ ಕೆಳಗೆ ಔಷಧೋಪಚಾರ ಎಂಬ ಇನ್ನೊಂದು ಸಾಲನ್ನು ಇಂದಿನಿಂದಲೇ ಸೇರಿಸಲೆಂದು ನಮ್ಮ ಪ್ರಾರ್ಥನೆ.